ಗಿಣ್ಣು ಹಾಲಿನ ಮೊದಲ ಹಕ್ಕುದಾರ

ಹಸು ಕರು ಹಾಕಿದ ಮನೆಯಿಂದ ನೆರೆಮನೆಗಳಿಗೆ ಗಿಣ್ಣು ಹೋಗುವುದು ಕರ್ನಾಟಕದ ಹಳ್ಳಿಗಳಲ್ಲಿ ಹಿಂದಿನಿಂದ ಬಂದ ರೂಢಿ. ಬೆಲ್ಲ, ಏಲಕ್ಕಿ ಬೆರೆಸಿ ಹಬೆಯಲ್ಲಿ ಬೇಯಿಸಿದ ಗಿಣ್ಣಿನ ರುಚಿ ಬಲ್ಲವರೇ ಬಲ್ಲರು. ಆದರೆ ಈ ಹಳದಿ ಹಾಲು ಕರುವಿನ ಪ್ರಾಣ ಕಾಯುವ ಬಗೆ ವಿಜ್ಞಾನಕ್ಕೆ ಸ್ಪಷ್ಟವಾಗಿ ನೂರು ವರ್ಷಗಳಿಗೆ ತುಸು ಮೇಲಾಗಿದೆ, ಅಷ್ಟೆ.

ಅದಕ್ಕೂ ಮೊದಲು, ಗಿಣ್ಣು ಹಾಲು ಕರುವಿನ ಹೊಟ್ಟೆ ಶುದ್ಧಿ ಮಾಡುತ್ತದೆ ಎಂಬ ತಿಳಿವಳಿಕೆಯೇ ಪ್ರಬಲವಾಗಿತ್ತು. 1892ರಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ಇಲಿಗಳ ಮೇಲೆ ಒಂದು ಪ್ರಯೋಗ ನಡೆಸಿದರು. ಹರಳು ಬೀಜ, ಗುಲಗಂಜಿಗಳಲ್ಲಿರುವ ವಿಷವನ್ನು ತಾಳಿಕೊಳ್ಳುವ ಶಕ್ತಿ ಬೆಳೆಸಿಕೊಂಡ ತಾಯಿಯ ಬಳಿ ಬೇರೆ ಇಲಿಯ ಮರಿಗಳನ್ನು ಹಾಲು ಕುಡಿಯಲು ಬಿಟ್ಟರು. ಆ ಮರಿಗಳಿಗೂ ವಿಷ ತಡೆಯುವ ಶಕ್ತಿ ಬಂದಿತ್ತು. ರಕ್ಷಣೆ ಹಾಲಿನ ಮೂಲಕವೂ ಹರಿಯುತ್ತದೆ ಎಂಬುದು ಇದರಿಂದ ಖಚಿತವಾಯಿತು.

ಕರುವಿನ ವಿಷಯ ಇತ್ಯರ್ಥವಾದದ್ದು ಅಮೆರಿಕದಲ್ಲಿ. ದನಗಳ ಟೆಕ್ಸಾಸ್ ಜ್ವರ ಉಣ್ಣಿಯಿಂದ ಹರಡುತ್ತದೆ ಎಂದು 1893ರಲ್ಲೇ ತೋರಿಸಿದ್ದ ಥಿಯೋಬಾಲ್ಡ್ ಸ್ಮಿತ್, ರಾಲ್ಫ್ ಲಿಟಲ್ ಅವರೊಡನೆ 1922ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಗಿಣ್ಣು ಹಾಲು ಕುಡಿದ ಕರುಗಳು ಬದುಕಿದವು. ಅದು ಸಿಗದ ಕರುಗಳಲ್ಲಿ ಬಹುಪಾಲು ಕೆಲವೇ ದಿನಗಳಲ್ಲಿ ಸತ್ತವು. ಕರುಳಿನಲ್ಲಿ ಸಾಮಾನ್ಯವಾಗಿರುವ ಬ್ಯಾಕ್ಟೀರಿಯಾಗಳೇ ಅವುಗಳ ಒಳ ಅಂಗಗಳಿಗೆ ನುಗ್ಗಿದ್ದವು.

ಇದಕ್ಕೆ ಕಾರಣವಿದೆ. ಮನುಷ್ಯರಲ್ಲಿ ತಾಯಿಯ ಪ್ರತಿಕಾಯಗಳು ಗರ್ಭದಲ್ಲಿರುವಾಗಲೇ ಮಗುವಿಗೆ ಸೇರುತ್ತವೆ. ಹಸುವಿನ ಮಾಸು ಅವನ್ನು ದಾಟಗೊಡದು. ಹಾಗಾಗಿ ಕರು ಬರಿಗೈಯಲ್ಲಿ ಹುಟ್ಟುತ್ತದೆ. ಈ ಕೊರತೆ ತುಂಬಲು ಅದರ ಕರುಳು ಪ್ರತಿಕಾಯಗಳನ್ನು ಜೀರ್ಣಿಸದೆ ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಡುತ್ತದೆ. ಆದರೆ ಈ ಬಾಗಿಲು ಗಂಟೆಗಂಟೆಗೂ ಕಿರಿದಾಗುತ್ತ, ಸುಮಾರು 24 ಗಂಟೆಗಳಲ್ಲಿ ಮುಚ್ಚಿಹೋಗುತ್ತದೆ. ಇತ್ತ ಕೆಚ್ಚಲಿನಲ್ಲೂ ಒಂದೊಂದು ಕರಾವಿಗೆ ಪ್ರತಿಕಾಯಗಳು ಕಡಿಮೆಯಾಗುತ್ತವೆ.

ಮಾಸು ಬೀಳುವ ತನಕ ಕರುವಿಗೆ ಹಾಲು ಬಿಡಬಾರದು ಎಂಬ ನಂಬಿಕೆ ಅಪಾಯಕಾರಿಯಾಗುವುದು ಇಲ್ಲೇ. ಮಾಸು ಬೀಳಲು ಎಂಟು ಹತ್ತು ಗಂಟೆ ಹಿಡಿಯುವುದುಂಟು. ಅಷ್ಟರಲ್ಲಿ ಅಮೂಲ್ಯ ಸಮಯವೇ ಕಳೆದಿರುತ್ತದೆ. ನಿಜಕ್ಕೂ ಕರು ಮೊಲೆ ಚೀಪಿದರೆ ಗರ್ಭಕೋಶ ಸಂಕುಚಿಸಿ ಮಾಸು ಬೀಳಲು ಅನುಕೂಲವೇ ಆಗುತ್ತದೆ.

ಹುಟ್ಟಿದ ಎರಡು ಗಂಟೆಯೊಳಗೆ ಮೊದಲ ಹಾಲು, ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು ಎಂಬುದು ಪಶುವೈದ್ಯರ ಸಾಮಾನ್ಯ ಸಲಹೆ. 25 ಕಿಲೋ ತೂಗುವ ಕರುವಿಗೆ ಎರಡೂವರೆ ಲೀಟರ್. ಹೆಚ್ಚು ಹಾಲಿನ ಹಸುವಾದರೆ ಇದಾದ ಮೇಲೂ ಕೆಚ್ಚಲಿನಲ್ಲಿ ಹಾಲು ಉಳಿಯುತ್ತದೆ. ನೆರೆಮನೆಯ ಗಿಣ್ಣಿಗೆ ಅಷ್ಟು ಸಾಕು.