ನಿವೃತ್ತಿ ವೇತನ: 19ನೇ ಶತಮಾನದ ಕನ್ನಡ ಸೀಮೆ ಮತ್ತು ದಮ್ಮಾಮ್

ಸರ್ಕಾರಿ ಚಾಕರಿಯಲ್ಲಿ ವಯಸ್ಸು ಕಳೆದವರಿಗೆ ಸಾಯುವತನಕ ತಿಂಗಳು ತಿಂಗಳು ಸಲ್ಲುವ ಹಣಕ್ಕೆ ಪಿಂಚಣಿ, ವಿಶ್ರಾಂತಿ ವೇತನ, ನಿವೃತ್ತಿ ವೇತನ ಎಂಬ ಹೆಸರುಗಳಿವೆ. ಕನ್ನಡ ಸೀಮೆಯಲ್ಲಿ ಇದು ವ್ಯವಸ್ಥೆಯಾಗಿ ನೆಲೆಗೊಂಡದ್ದು 19ನೇ ಶತಮಾನದ ಬ್ರಿಟಿಷ್ ಆಳ್ವಿಕೆಯಲ್ಲಿ. ಇದರ ಜೊತೆಯಲ್ಲೇ ಹುಟ್ಟಿದ್ದು ಗ್ರಾಚ್ಯುಟಿ, ಅಂದರೆ ಸೇವೆ ಮುಗಿದಾಗ ಒಂದೇ ಸಲ ಎಣಿಸಿಕೊಡುವ ಗಂಟು. ಕೊಲ್ಲಿ ನಾಡಾದ ಸೌದಿ ಅರೇಬಿಯಾದ ದಮ್ಮಾಮ್‌ನಲ್ಲಿ ದುಡಿಯುವ ಕನ್ನಡಿಗರಿಗೆ ಸಿಗುವುದು ಈ ಎರಡನೆಯದು ಮಾತ್ರ. ಆದ್ದರಿಂದ ಎರಡನ್ನೂ ಒಟ್ಟಿಗೆ ನೋಡಬೇಕು.

ಪಿಂಚಣಿಗೆ ಮುಂಚೆ ಇದ್ದದ್ದು ಉಂಬಳಿ, ಇನಾಮು, ಜಹಗೀರು. ಮೈಸೂರಿನ ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಯಳಂದೂರು ಜಹಗೀರು ದೊರೆಯಿತು. ಅವರು 1811ರಲ್ಲಿ ಅಧಿಕಾರ ಬಿಟ್ಟು, ಮರುವರ್ಷ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡರು. ಜಹಗೀರು ವಂಶದಲ್ಲೇ ಉಳಿಯಿತು. ಹಳೆಯ ಪದ್ಧತಿಯ ಬಲವೇ ಅದು: ದುಡಿದವನು ಹೋದ ಮೇಲೂ ಮನೆಗೆ ನೆಲದ ಆಸರೆ ಇರುತ್ತಿತ್ತು. ಆದರೆ ಆ ಆಸರೆ ದೊಡ್ಡವರಿಗೂ ವಂಶಪಾರಂಪರ್ಯದ ಊರ ಅಧಿಕಾರಿಗಳಿಗೂ ಮಾತ್ರ. ಕಚೇರಿಯ ಗುಮಾಸ್ತನಿಗೆ ಏನೂ ಇರಲಿಲ್ಲ.

ಇಂಗ್ಲೆಂಡಿನಲ್ಲಿ 1834 ಮತ್ತು 1859ರ ಕಾಯ್ದೆಗಳು ಪಿಂಚಣಿಯನ್ನು ದಯೆಯ ಮಾತಿನಿಂದ ಲೆಕ್ಕದ ಮಾತಿಗೆ ತಂದವು. 1859ರ ಕಾಯ್ದೆಯಂತೆ ಪ್ರತಿ ವರ್ಷದ ಸೇವೆಗೆ ಸಂಬಳದ ಅರವತ್ತರಲ್ಲಿ ಒಂದು ಭಾಗ, ಹೆಚ್ಚೆಂದರೆ ಅರವತ್ತರಲ್ಲಿ ನಲವತ್ತು. ಈ ‘ಅರವತ್ತರ ಲೆಕ್ಕ’ ಭಾರತಕ್ಕೂ ಬಂತು, ಆದರೆ ಬಿಗಿಯಾಗಿ ಬಂತು. ಸಿವಿಲ್ ಸರ್ವಿಸ್ ರೆಗ್ಯುಲೇಷನ್ಸ್ ಎಂಬ ನಿಯಮಾವಳಿಯಲ್ಲಿ ಮಿತಿ ಅರವತ್ತರಲ್ಲಿ ಮೂವತ್ತು, ಅಂದರೆ ಅರ್ಧ ಸಂಬಳ. ಹತ್ತು ವರ್ಷ ತುಂಬದವನಿಗೆ ಪಿಂಚಣಿ ಇಲ್ಲ. ವರ್ಷಕ್ಕೆ ಒಂದು ತಿಂಗಳ ಸಂಬಳ ಮೀರದಂತೆ ಗ್ರಾಚ್ಯುಟಿ ಕೊಟ್ಟು ಕಳಿಸುತ್ತಿದ್ದರು.

ಅರವತ್ತು ರೂಪಾಯಿ ಸಂಬಳದ ಗುಮಾಸ್ತನೊಬ್ಬನನ್ನು ಲೆಕ್ಕಕ್ಕೆ ಹಿಡಿಯೋಣ. ಒಂಬತ್ತು ವರ್ಷಕ್ಕೆ ಆರೋಗ್ಯ ಕೆಟ್ಟು ಮನೆಗೆ ಹೋದರೆ ಹೆಚ್ಚೆಂದರೆ 540 ರೂಪಾಯಿ, ಅಲ್ಲಿಗೆ ಲೆಕ್ಕ ಚುಕ್ತಾ. ಹತ್ತು ತುಂಬಿಸಿ ಹೋದರೆ ತಿಂಗಳಿಗೆ ಹತ್ತು ರೂಪಾಯಿ, ಬದುಕಿರುವಷ್ಟು ಕಾಲ. ಇಪ್ಪತ್ತೈದು ತುಂಬಿಸಿದರೆ ನೇರವಾಗಿ ಮಿತಿಗೇ ಏರಿ ಮೂವತ್ತು. ಐವತ್ತೈದಕ್ಕೆ ಸರ್ಕಾರ ಅವನನ್ನು ನಿವೃತ್ತಿಗೊಳಿಸಬಹುದಿತ್ತು. ಸರ್ವಿಸ್ ಬುಕ್ಕಿನಲ್ಲಿ ನಮೂದಾದ ಪ್ರತಿ ರಜೆಗೂ ಹುಟ್ಟಿದ ತಾರೀಖಿಗೂ ಯಾಕಷ್ಟು ಬೆಲೆ ಬಂತು ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಒಂದು ವರ್ಷದ ಸೇವೆ ‘ಗಣನೆಗೆ ಬಾರದು’ ಎಂದಾದರೆ ಒಬ್ಬನ ಮುಪ್ಪಿನ ದಿಕ್ಕೇ ಬದಲಾಗುತ್ತಿತ್ತು.

ಆಗ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಮೈಸೂರಿನಲ್ಲಿ ಅಮಲ್ದಾರ, ಧಾರವಾಡ ಬೆಳಗಾವಿಗಳಲ್ಲಿ ಮಾಮಲೇದಾರ, ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡದಲ್ಲಿ ತಹಶೀಲ್ದಾರ. ಬ್ರಿಟಿಷ್ ಜಿಲ್ಲೆಗಳಲ್ಲಿ ಇವರ ಪಿಂಚಣಿಯ ಗಣಿತ ಒಂದೇ. ಹಳ್ಳಿಯ ಶಾನುಭೋಗ, ಪಟೇಲರು ಮಾತ್ರ ಹೊರಗೇ ಉಳಿದರು. ಜವಾನರಿಗೆ ಬೇರೆ, ತೀರಾ ಕೆಳಗಿನ ಮಿತಿ. ವಿಧವೆಗೆ ಏನೂ ಇಲ್ಲ: ಪಿಂಚಣಿದಾರ ಸತ್ತ ದಿನವೇ ಪಿಂಚಣಿಯೂ ನಿಲ್ಲುತ್ತಿತ್ತು. ಜಹಗೀರು ಮನೆಯನ್ನು ಕಾಯುತ್ತಿತ್ತು, ಪಿಂಚಣಿ ಒಬ್ಬ ಗಂಡಸನ್ನು ಮಾತ್ರ ಕಾಯುತ್ತಿತ್ತು. ಈ ಅನ್ಯಾಯ ಸರಿಯಾಗಲು 20ನೇ ಶತಮಾನದ ಕುಟುಂಬ ಪಿಂಚಣಿಯವರೆಗೆ ಕಾಯಬೇಕಾಯಿತು.

ಸಾಹೇಬರ ಲೆಕ್ಕವೇ ಬೇರೆ. ಇಂಡಿಯನ್ ಸಿವಿಲ್ ಸರ್ವಿಸ್‌ನ ಅಧಿಕಾರಿ 25 ವರ್ಷದ ಬಳಿಕ ವರ್ಷಕ್ಕೆ 1,000 ಪೌಂಡ್ ಪಡೆಯುತ್ತಿದ್ದ, ಅದಕ್ಕಾಗಿ ಸಂಬಳದಲ್ಲಿ ನೂರಕ್ಕೆ ನಾಲ್ಕು ಕಡಿತವಿತ್ತು. ದೇಶೀ ನೌಕರನ ಮಿತಿ ವರ್ಷಕ್ಕೆ 5,000 ರೂಪಾಯಿ. 1870ರ ದಶಕದ ಆರಂಭದಲ್ಲಿ ಸುಮಾರು ಎರಡು ಷಿಲಿಂಗ್ ಬಾಳುತ್ತಿದ್ದ ರೂಪಾಯಿ, ಬೆಳ್ಳಿಯ ಬೆಲೆ ಕುಸಿದಂತೆ ಶತಮಾನದ ಕೊನೆಗೆ ಒಂದು ಷಿಲಿಂಗ್ ನಾಲ್ಕು ಪೆನ್ಸ್‌ಗೆ ಇಳಿಯಿತು. ಅದೇ ಸಾವಿರ ಪೌಂಡನ್ನು ತೆರಲು ಭಾರತದ ಬೊಕ್ಕಸ ಹೆಚ್ಚು ಹೆಚ್ಚು ರೂಪಾಯಿ ಸುರಿಯಬೇಕಾಯಿತು. ದಾದಾಭಾಯಿ ನವರೋಜಿ ಸಂಪತ್ತಿನ ಸೋರಿಕೆ ಎಂದಾಗ ಈ ಪಿಂಚಣಿಗಳನ್ನೂ ಲೆಕ್ಕಕ್ಕೆ ಹಿಡಿದಿದ್ದರು. ರೈತನ ಕಂದಾಯ ಲಂಡನ್ನಿನ ನಿವೃತ್ತರ ಮನೆ ಸೇರುತ್ತಿತ್ತು ಎಂಬುದು ಬರೀ ಆವೇಶದ ಮಾತಲ್ಲ.

ಎಲ್ಲ ದೊಡ್ಡ ಅಧಿಕಾರಿಗಳೂ ಆ ವಿಶ್ರಾಂತಿ ಕಾಣಲಿಲ್ಲ. 1800ರಲ್ಲಿ ಮದ್ರಾಸ್ ಸೈನ್ಯಕ್ಕೆ ಬಂದು, 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಊರಿಗೆ ಹೊರಟ ದಾರಿಯಲ್ಲೇ ಸೂಯೆಜ್‌ನಲ್ಲಿ ತೀರಿಕೊಂಡರು. ಮೈಸೂರಿನ ದಿವಾನರಾಗಿ 18 ವರ್ಷ ದುಡಿದ ಕೆ. ಶೇಷಾದ್ರಿ ಅಯ್ಯರ್ 1901ರಲ್ಲಿ ನಿವೃತ್ತರಾಗಿ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಿಧನರಾದರು.

1871ರ ಪಿಂಚಣಿ ಕಾಯ್ದೆಗೆ ಎರಡು ಮುಖ. ಸಾಲಗಾರರು ಪಿಂಚಣಿಯನ್ನು ಜಪ್ತಿ ಮಾಡಿಸುವಂತಿಲ್ಲ ಎಂದು ಅದು ರಕ್ಷಣೆ ಕೊಟ್ಟಿತು. ಕಲೆಕ್ಟರರ ಪ್ರಮಾಣಪತ್ರವಿಲ್ಲದೆ ಪಿಂಚಣಿಗಾಗಿ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತುವಂತಿಲ್ಲ ಎಂದೂ ಹೇಳಿತು. ಕೊಟ್ಟರೆ ಕೃಪೆ, ಕೇಳಿದರೆ ತಪ್ಪು ಎಂಬ ಈ ಭಾವ ಬಹುಕಾಲ ಬಾಳಿತು. ಪಿಂಚಣಿ ಭಿಕ್ಷೆಯಲ್ಲ, ಹಕ್ಕು ಎಂದು ಸುಪ್ರೀಂ ಕೋರ್ಟ್ ಗಟ್ಟಿಯಾಗಿ ಹೇಳಿದ್ದು 1982ರ ಡಿಸೆಂಬರ್ 17ರ ಡಿ.ಎಸ್. ನಕಾರಾ ತೀರ್ಪಿನಲ್ಲಿ. ಆ ದಿನವನ್ನು ನಿವೃತ್ತರು ಇಂದಿಗೂ ಪಿಂಚಣಿದಾರರ ದಿನವಾಗಿ ಆಚರಿಸುತ್ತಾರೆ.

ಇನ್ನು ದಮ್ಮಾಮ್‌ಗೆ ಬಂದರೆ, ಅದು ಬ್ರಿಟಿಷ್ ವಸಾಹತು ಆಗಿರಲೇ ಇಲ್ಲ. ಆ ಕರಾವಳಿ 1871ರಿಂದ 1913ರವರೆಗೆ ತುರ್ಕರ ಕೈಯಲ್ಲಿತ್ತು, ಆಮೇಲೆ ಸೌದ್ ಮನೆತನಕ್ಕೆ ಬಂತು. 1938ರಲ್ಲಿ ದಮ್ಮಾಮ್‌ನ ಏಳನೇ ಬಾವಿಯಲ್ಲಿ ಎಣ್ಣೆ ಉಕ್ಕಿದ ನಂತರ ಹೊರನಾಡಿನ ಕೈಗಳು ಬೇಕಾದವು. ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡಿನ ಕಡೆಯವರು ಇಂದು ಅಲ್ಲಿ ಕಾಣಸಿಗುತ್ತಾರೆ. ಅವರಿಗೆ ಅನ್ವಯಿಸುವುದು 2005ರ ಸೌದಿ ಕಾರ್ಮಿಕ ಕಾನೂನಿನ 84ನೇ ವಿಧಿ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ವೇತನ, ಆಮೇಲಿನ ಪ್ರತಿ ವರ್ಷಕ್ಕೆ ಒಂದು ತಿಂಗಳದು. ಕಡೆಯ ವೇತನವೇ ಆಧಾರ.

3,000 ರಿಯಾಲ್ ವೇತನದವನು ಹತ್ತು ವರ್ಷಕ್ಕೆ ಫೈನಲ್ ಎಕ್ಸಿಟ್ (ಕೆಲಸ ಮುಗಿಸಿ ದೇಶ ಬಿಡುವ ವೀಸಾ) ಹೊಡೆಸಿಕೊಂಡು ಹೊರಟರೆ 7,500 ಮತ್ತು 15,000 ಸೇರಿ 22,500 ರಿಯಾಲ್. ಎಂಟು ವರ್ಷಕ್ಕೆ ತಾನಾಗಿ ರಾಜೀನಾಮೆ ಕೊಟ್ಟರೆ 16,500ರಲ್ಲಿ ಮೂರರಲ್ಲಿ ಎರಡು ಪಾಲು, 11,000 ಮಾತ್ರ. ಮಾಲೀಕನೇ ಬಿಡಿಸಿದರೆ ವಾರದೊಳಗೆ ಲೆಕ್ಕ ತೀರಬೇಕು. ವರ್ಷಕ್ಕೊಂದು ತಿಂಗಳ ವೇತನ ಎಂಬ ಈ ಮಾಪನ, ಹತ್ತು ವರ್ಷ ತುಂಬದ ಹಳೆಯ ಗುಮಾಸ್ತನ ಗ್ರಾಚ್ಯುಟಿಯದೇ ಮಾಪನ. ವ್ಯತ್ಯಾಸವೆಂದರೆ, ಆ ಗುಮಾಸ್ತ ಹತ್ತನೇ ವರ್ಷಕ್ಕೆ ಪಿಂಚಣಿಯ ಗೆರೆ ದಾಟುತ್ತಿದ್ದ. ದಮ್ಮಾಮ್‌ನವನು ಮೂವತ್ತು ವರ್ಷ ದುಡಿದರೂ ಗೆರೆಯ ಈಚೆಗೇ. ಇಕಾಮಾ (ವಾಸದ ಪರವಾನಗಿ) ಮುಗಿದರೆ ಆ ನೆಲದೊಂದಿಗಿನ ನಂಟೂ ಮುಗಿಯಿತು.

ಭಾರತ ಸರ್ಕಾರ 2012ರಲ್ಲಿ ವಲಸೆ ಕಾರ್ಮಿಕರಿಗಾಗಿ ತಂದ ಮಹಾತ್ಮ ಗಾಂಧಿ ಪ್ರವಾಸಿ ಸುರಕ್ಷಾ ಯೋಜನೆಯಲ್ಲಿ ಪಿಂಚಣಿಯ ಭಾಗವಿತ್ತು. ಸೇರಿದವರು ಕಡಿಮೆ, 2017ರಲ್ಲಿ ಅದು ನಿಂತಿತು. ಕೇರಳದ 2008ರ ಪ್ರವಾಸಿ ಕಲ್ಯಾಣ ಕಾಯ್ದೆ ಉಳಿದಿದೆ: ಕನಿಷ್ಠ ಐದು ವರ್ಷ ವಂತಿಗೆ ಕಟ್ಟಿದ ಸದಸ್ಯನಿಗೆ ಅರವತ್ತು ತುಂಬಿದ ಮೇಲೆ ತಿಂಗಳ ಪಿಂಚಣಿ. ಅದರಂತೆ ದಮ್ಮಾಮ್‌ನಲ್ಲಿ ಒಂದೇ ಕೋಣೆಯಲ್ಲಿರುವ ಇಬ್ಬರು ಕನ್ನಡಿಗರಲ್ಲಿ ಕೇರಳಕ್ಕೆ ಸೇರಿದ ಮಂಜೇಶ್ವರದವನು ಅದರ ಸದಸ್ಯನಾಗಬಹುದು. ತಲಪಾಡಿಯ ಗಡಿಯಿಂದ ಈಚೆ, ಉಳ್ಳಾಲದವನಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ.