ಕಾಲಂ ಮೂರು, ಕಾಲಂ ಒಂಬತ್ತು: ಕಡೂರು ಸೀಮೆಯ ಭೂಲೆಕ್ಕದಲ್ಲಿ ತಪ್ಪು ಮತ್ತು ತಿದ್ದುಪಡಿ

ಮೈಸೂರು ಸಂಸ್ಥಾನದ ಕಾಲದಲ್ಲಿ ಕಡೂರು ಜಿಲ್ಲೆಯೆನಿಸಿ, 1947ರಲ್ಲಿ ಚಿಕ್ಕಮಗಳೂರು ಜಿಲ್ಲೆಯೆಂದು ಹೆಸರಾದ ಸೀಮೆಯಲ್ಲಿ ಭೂಮಿಯ ಲೆಕ್ಕ ಬರೆಯುವ ಹೊಣೆ ವಂಶಪಾರಂಪರ್ಯವಾಗಿ ಶಾನುಭೋಗರದಾಗಿತ್ತು. ಹಳೆಯ ಮೈಸೂರಿನ ಶಾನುಭೋಗರೂ ವರ್ತಕರೂ ಬಳಸುತ್ತಿದ್ದ ಕಡತವೆಂದರೆ ಹುಣಸೆಬೀಜದ ಅಂಟಿಗೆ ಇದ್ದಿಲಪುಡಿ ಬೆರೆಸಿ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಬಟ್ಟೆ. ಬಳಪದಲ್ಲಿ ಬರೆದ ಅಂಕಿ ತಪ್ಪಾದರೆ ಅದನ್ನು ಒರೆಸಿ ಅಲ್ಲಿಯೇ ಮತ್ತೆ ಬರೆಯಬಹುದಿತ್ತಾದರೂ, ಮೊದಲು ಏನಿತ್ತೆಂಬ ಗುರುತು ಅದರೊಂದಿಗೇ ಅಳಿಯುತ್ತಿತ್ತು. ಕಾಗದದ ಖಾತೆ ಪುಸ್ತಕಗಳಲ್ಲಿ ಆ ಗುರುತು ಉಳಿಯಿತು. ಗ್ರಾಮಲೆಕ್ಕಗಳನ್ನು ವರ್ಷಕ್ಕೊಮ್ಮೆ ಮೇಲಧಿಕಾರಿಗಳು ತಾಳೆ ನೋಡುವ ಜಮಾಬಂದಿಯೇ ಆಗ ತಪ್ಪು ಹಿಡಿಯುವ ಮುಖ್ಯ ಸಾಧನವಾಗಿತ್ತು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾಗಿ ಗ್ರಾಮಲೆಕ್ಕಿಗರು ಬಂದರು.

ಈ ಲೆಕ್ಕದ ಅಂಕಗಣಿತವೇ ತೊಡಕಿನದು. ಹದಿನಾರು ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆಯಾದ್ದರಿಂದ 1 ಎಕರೆ 25 ಗುಂಟೆಗೆ 20 ಗುಂಟೆ ಕೂಡಿದರೆ 2 ಎಕರೆ 5 ಗುಂಟೆಯಾಗುತ್ತದೆ. ಅದನ್ನೇ ಎಕ್ಸೆಲ್‌ನಂತಹ ತಂತ್ರಾಂಶದಲ್ಲಿ ದಶಮಾಂಶವಾಗಿ ಬರೆದು ಕೂಡಿಸಿದರೆ 1.45 ಎಂಬ ಉತ್ತರ ಬರುತ್ತದೆ, 1 ಎಕರೆ 10 ಗುಂಟೆಯನ್ನು 1-10 ಎಂದು ಬರೆದರೆ ಯಂತ್ರ ಅದನ್ನು ತಾರೀಖೆಂದು ಗ್ರಹಿಸುತ್ತದೆ. ಇಲ್ಲಿ ದೋಷಸೂಚನೆಯೇ ಕಾಣಿಸುವುದಿಲ್ಲ. ಕೆಲಸ ನಿಲ್ಲಿಸಿ ಎಚ್ಚರಿಸುವ ದೋಷಕ್ಕಿಂತ, ಸರಿಯಾದ ಉತ್ತರದಂತೆ ತೋರುವ ಈ ದೋಷವೇ ರೈತನಿಗೆ ಹೆಚ್ಚು ಹಾನಿಕರ.

2000ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆಯಲ್ಲಿ ರಾಜ್ಯದ 177 ತಾಲ್ಲೂಕುಗಳ ಸುಮಾರು ಎರಡು ಕೋಟಿ ಪಹಣಿಗಳು, ಅಂದರೆ ಜಮೀನಿನ ಹಕ್ಕುದಾಖಲೆಗಳು, ಗಣಕಕ್ಕೆ ಸೇರಿದವು, ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಆಗ ಬಯಲಿಗೆ ಬಂದದ್ದು, ಕಂದಾಯ ಕಚೇರಿಗಳಲ್ಲಿ ಇಂದಿಗೂ ಕೇಳಿಬರುವ ‘ಮೂರು–ಒಂಬತ್ತು ತಾಳೆಯಾಗುತ್ತಿಲ್ಲ’ ಎಂಬ ತೊಡಕು. ಪಹಣಿಯ ಮೂರನೆಯ ಕಾಲಂ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣವನ್ನು, ಒಂಬತ್ತನೆಯದು ಖಾತೆದಾರರ ಹೆಸರಿನೊಂದಿಗೆ ಅವರವರ ಪಾಲನ್ನು ಹೇಳುತ್ತದೆ. ಪಾಲುಗಳ ಮೊತ್ತ ಒಟ್ಟಿಗೆ ಹೊಂದದಿದ್ದರೆ ಹಕ್ಕು ಬದಲಾವಣೆ ಮುಂದೆ ಸಾಗುವುದಿಲ್ಲ. ಇದನ್ನು ಗಣಕಯಂತ್ರದ ತಪ್ಪೆಂದು ಭಾವಿಸುವುದು ಅನ್ಯಾಯ. ನಕಲು ಮಾಡುವಾಗ ಹೊಸದಾಗಿ ನುಸುಳಿದ ತಪ್ಪುಗಳೂ ಇವೆಯಾದರೂ, ಪೋಡಿಯಾಗದೆ, ಅಂದರೆ ಅಳತೆ ಮಾಡಿ ಬೇರ್ಪಡಿಸದೆ, ಬಾಯಿಮಾತಿನಲ್ಲಿ ಹಂಚಿಕೊಂಡ ಜಮೀನುಗಳ ತೊಡಕು ಕಾಗದದಲ್ಲಿಯೇ ಇತ್ತು. ಯಂತ್ರ ಅದನ್ನು ಮುಚ್ಚಿಡಲು ಒಪ್ಪಲಿಲ್ಲ.

ಆದ್ದರಿಂದ ಪರಿಹಾರವೂ ಪರದೆಯ ಮೇಲಿಲ್ಲ. ಮೊತ್ತ ಹೊಂದಲೆಂದು ಒಬ್ಬರ ಪಾಲಿನ ಗುಂಟೆಗಳನ್ನು ತಗ್ಗಿಸಿದರೆ ಸೂಚನೆ ಮರೆಯಾಗುತ್ತದೆಯೇ ಹೊರತು ತಪ್ಪು ಅಳಿಯುವುದಿಲ್ಲ. ಅಳತೆಯಂತೆ ವಿಸ್ತೀರ್ಣ ಮತ್ತು ಕಂದಾಯವನ್ನು ದಾಖಲಿಸಿದ ಆಕಾರಬಂದ್, ಹಕ್ಕು ಬದಲಾದ ಕ್ರಮವನ್ನು ಹೇಳುವ ಮ್ಯುಟೇಶನ್ ವಹಿ, ಹಳೆಯ ಕೈಬರಹದ ಪಹಣಿಗಳನ್ನು ವರ್ಷ ವರ್ಷವಾಗಿ ಹಿಂದಕ್ಕೆ ನೋಡುತ್ತ ಹೋಗಿ, ಅಂಕಿ ಮೊದಲು ಬದಲಾದ ಸಾಲನ್ನು ಹುಡುಕಬೇಕಾಗುತ್ತದೆ. ಬಹುಕಾಲ ತರೀಕೆರೆ ತಾಲ್ಲೂಕಿನ ಹೋಬಳಿಯಾಗಿದ್ದು ಈಚೆಗೆ ತಾನೇ ತಾಲ್ಲೂಕಾದ ಅಜ್ಜಂಪುರದ ರೈತನ ಪಹಣಿಯ ಮೇಲೆ ಇಂದು ಹೊಸ ತಾಲ್ಲೂಕಿನ ಹೆಸರಿದ್ದರೂ, ಅದರ ತಪ್ಪಿನ ಮೂಲವನ್ನು ತೋರಿಸುವ ಹಳೆಯ ಪುಟಗಳೆಲ್ಲ ತರೀಕೆರೆಯ ಹೆಸರಿನಲ್ಲಿಯೇ ಇವೆ.