ಮಾಲೀಕ ಬರೆಸದ ಹೆಸರು, ಕಾರ್ಮಿಕನಿಗೆ ಬಂದ ನೋಟಿಸು

ಬೀದರ ಕಡೆಯಿಂದ ಹೈದರಾಬಾದಿಗೆ ಬಂದು ನನಗೆ ಮೂವತ್ತೈದು ವರ್ಷ ದಾಟಿತು. ಇಷ್ಟು ವರ್ಷದಲ್ಲಿ ನಾನು ಕಲಿತ ಒಂದೇ ಒಂದು ಉಪಯೋಗದ ಕೆಲಸ ಅಂದರೆ ಅರ್ಜಿ ಬರೆಯುವುದು. ನಮ್ಮ ಕಡೆಯವರಿಗೆ ಇಂಗ್ಲಿಷಿನಲ್ಲಿ ಒಂದು ಸರ್ಕಾರಿ ಕಾಗದ ಬಂತೆಂದರೆ ಭಾನುವಾರ ಬೆಳಿಗ್ಗೆ ನಮ್ಮ ಮನೆ ಬಾಗಿಲು ತಟ್ಟುತ್ತಾರೆ. ಚಹಾ ಆಗುತ್ತದೆ, ಕಾಗದ ಓದಿದ್ದಾಗುತ್ತದೆ, ಆಮೇಲೆ "ಈಗೇನ್ ಮಾಡೋದ್ರೀ?" ಅನ್ನುವ ಪ್ರಶ್ನೆ ಬರುತ್ತದೆ.

2011ರಲ್ಲಿ ಹಾಗೆ ಬಂದವನು ಔರಾದ ತಾಲೂಕಿನ ಒಬ್ಬ ಹುಡುಗ. ಬಾಲಾನಗರದ ಕಡೆ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ರೆಸ್ ಮಷೀನಿನ ಮೇಲೆ ಕೆಲಸ. ಸಂಕ್ರಾಂತಿ ಆದ ಮೇಲೆ ಸೇರಿದ್ದ. ಆಷಾಢದಲ್ಲಿ ಎಡಗೈಯ ಎರಡು ಬೆರಳು ಮಷೀನಿಗೆ ಸಿಕ್ಕವು. ಮಾಲೀಕ ಗಾಬರಿ ಬಿದ್ದು, ಅವನನ್ನು ಆಸ್ಪತ್ರೆಗೆ ಸೇರಿಸಿ, ಮರುದಿನ ಇಎಸ್‌ಐಗೆ ಅವನ ಹೆಸರು ಬರೆಸಿದ. ಆರು ತಿಂಗಳು ದುಡಿದವನ ಹೆಸರು ಬೆರಳು ಹೋದ ಮರುದಿನ ದಾಖಲೆಗೆ ಹತ್ತಿತು! ಚಿಕಿತ್ಸೆ ಆಯಿತು, ಮನೆಯಲ್ಲಿ ಕೂತ ದಿನಗಳ ಭತ್ಯೆಯೂ ಬಂತು. ಕೆಲವು ತಿಂಗಳ ಮೇಲೆ ಒಂದು ಕಾಗದ: ಅಪಘಾತವಾದ ದಿನ ನೀವು ವಿಮಾದಾರರಾಗಿದ್ದಂತೆ ಕಾಣುವುದಿಲ್ಲ, ಪಡೆದ ಹಣ ಹಿಂದಿರುಗಿಸದಿರಲು ಕಾರಣ ತಿಳಿಸಿ. ಹನ್ನೊಂದು ಸಾವಿರ ಚಿಲ್ಲರೆ. ಅವನ ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ.

ಕಾರ್ಖಾನೆಯ ಹೆಸರು ಇಲ್ಲಿ ಬೇಡ, ಕಚೇರಿಯದೂ ಬೇಡ. ಆ ಕಾಗದಕ್ಕೆ ಉತ್ತರ ಬರೆಯಲು ಕೂತಾಗ ನನಗೆ ಒಂದು ಹಳೆಯ ಕಥೆಯೇ ತೆರೆದುಕೊಂಡಿತು. ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು 1923. ಬ್ರಿಟಿಷ್ ಇಂಡಿಯಾದಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಬಂದ ವರ್ಷ. ಕೆಲಸದಲ್ಲಿ ಕೈಕಾಲು ಹೋದರೆ ಮಾಲೀಕ ಪರಿಹಾರ ಕೊಡಬೇಕು ಅಂತ ಆಯಿತು. ಒಳ್ಳೆಯದೇ. ಆದರೆ ಕೇಳುವುದು ಯಾರನ್ನು? ಅದೇ ಮಾಲೀಕನನ್ನು. ಅವನು "ಇವನು ನನ್ನ ಆಳೇ ಅಲ್ಲ" ಅಂದರೆ ಮುಗಿಯಿತು, ಬ್ಯಾಂಡೇಜು ಕಟ್ಟಿಕೊಂಡವನು ವಕೀಲರನ್ನು ಹುಡುಕಬೇಕು.

ಇದಕ್ಕೆ ಪರಿಹಾರವಾಗಿ ಬಂದದ್ದೇ ವಿಮೆಯ ಯೋಚನೆ. 1943ರಲ್ಲಿ ಸರ್ಕಾರ ಪ್ರೊ. ಬಿ. ಪಿ. ಅಡಾರ್ಕರ್ ಅವರನ್ನು ನೇಮಿಸಿತು. 1944ರಲ್ಲಿ ಅವರು ಕೈಗಾರಿಕಾ ಕಾರ್ಮಿಕರ ಆರೋಗ್ಯ ವಿಮೆಯ ವರದಿ ಕೊಟ್ಟರು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ತಜ್ಞರಾದ ಸ್ಟ್ಯಾಕ್ ಮತ್ತು ರಾವ್ ಅದನ್ನು ಪರಿಶೀಲಿಸಿದರು. ಕೊನೆಗೆ 1948ರ ಏಪ್ರಿಲಿನಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ ಆಯಿತು. ಮಾಲೀಕನೂ ಕಾರ್ಮಿಕನೂ ಒಂದು ನಿಧಿಗೆ ಹಣ ಹಾಕುವುದು, ಕಷ್ಟ ಬಂದಾಗ ಆ ನಿಧಿಯಿಂದ ತೆಗೆದುಕೊಳ್ಳುವುದು, ಮಾಲೀಕನ ಜತೆ ಜಗಳವೇ ಬೇಡ ಅನ್ನುವ ವ್ಯವಸ್ಥೆ.

ಅಂದ ಹಾಗೆ, ಆ ಏಪ್ರಿಲಿನಲ್ಲಿ ಹೈದರಾಬಾದು ಇನ್ನೂ ನಿಜಾಮರ ಕೈಯಲ್ಲಿತ್ತು. ಬೀದರ, ಕಲಬುರಗಿ, ರಾಯಚೂರೂ ಅಷ್ಟೇ. ಪೊಲೀಸ್ ಕಾರ್ಯಾಚರಣೆ ಆದದ್ದು ಆ ಸೆಪ್ಟೆಂಬರಿನಲ್ಲಿ. ಕಾಯ್ದೆ ಅದಾದ ಮೇಲೆ ನಮ್ಮ ಕಡೆಗೆ ಬಂತು. ಯೋಜನೆ ಮೊದಲು ಶುರುವಾದದ್ದು ಕಾನ್ಪುರ ಮತ್ತು ದಿಲ್ಲಿಯಲ್ಲಿ, 1952ರ ಫೆಬ್ರವರಿ 24ರಂದು. ಕಾನ್ಪುರದಲ್ಲಿ ಉದ್ಘಾಟಿಸಿದವರು ನೆಹರೂ. ಆಮೇಲೆ ಹೈದರಾಬಾದಿಗೂ ಬಂದು ಎಷ್ಟು ಬೇರು ಬಿಟ್ಟಿತೆಂದರೆ, ಸನತ್‌ನಗರದ ಆಸ್ಪತ್ರೆಯ ಸುತ್ತಲಿನ ಜಾಗಕ್ಕೇ ಇಎಸ್‌ಐ ಅಂತ ಹೆಸರು ಬಿತ್ತು. ಬಸ್ಸಿನಲ್ಲಿ "ಇಎಸ್‌ಐ, ಇಎಸ್‌ಐ" ಅಂತ ಕೂಗುತ್ತಿದ್ದ ಕಂಡಕ್ಟರು ನಿಮಗೂ ನೆನಪಿರಬಹುದು. ಈಗ ಮೆಟ್ರೋ ಸ್ಟೇಷನ್ನಿಗೂ ಅದೇ ಹೆಸರು.

ಇರಲಿ, ವಿಷಯಕ್ಕೆ ಬರೋಣ. ವಿಮೆ ಬಂದು ಮಾಲೀಕನ ಜತೆಗಿನ ಜಗಳವನ್ನೇನೋ ತಪ್ಪಿಸಿತು. ಆದರೆ ಹೊಸ ತೊಡಕೊಂದನ್ನು ತಂದಿತು. ನಿಧಿಯಿಂದ ಹಣ ಬರಬೇಕಾದರೆ ರಿಜಿಸ್ಟರಿನಲ್ಲಿ ಹೆಸರಿರಬೇಕು. ಹೆಸರು ಬರೆಸುವವನು ಮಾಲೀಕ. ಬರೆಸಿದರೆ ಅವನು ಪ್ರತಿ ತಿಂಗಳು ಹಣ ಕಟ್ಟಬೇಕು. 2011ರಲ್ಲಿ ಅದು ಮಾಲೀಕನ ಪಾಲು ಸಂಬಳದ ಶೇ. 4.75, ಕಾರ್ಮಿಕನ ಪಾಲು ಶೇ. 1.75. (2019ರ ಜುಲೈನಿಂದ ಇದು ಶೇ. 3.25 ಮತ್ತು ಶೇ. 0.75ಕ್ಕೆ ಇಳಿಯಿತು.) ಹಾಗಾಗಿ ಮೂವತ್ತು ಜನ ದುಡಿಯುವಲ್ಲಿ ಹನ್ನೆರಡು ಹೆಸರು ಬರೆಸಿ, ಉಳಿದವರನ್ನು "ನೋಡೋಣ, ನಿಂತರೆ ಬರೆಸೋಣ" ಅನ್ನುವ ಚಾಳಿ. ವಲಸೆ ಬಂದವನಂತೂ ನಾಳೆ ಊರಿಗೆ ಹೋದರೂ ಹೋದ. ಅವನ ಹೆಸರು ಯಾಕೆ ಬರೆಸಬೇಕು?

ಈ ಕಾಯ್ದೆ ಬರೆದವರಿಗೆ ಇದೆಲ್ಲ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ನನಗೆ ಆಶ್ಚರ್ಯವಾದದ್ದು ಇಲ್ಲೇ. 68ನೇ ಕಲಮು ಏನು ಹೇಳುತ್ತಿತ್ತು ನೋಡಿ: ಮಾಲೀಕ ವಂತಿಗೆ ಕಟ್ಟದ ಕಾರಣಕ್ಕೆ ಕಾರ್ಮಿಕನಿಗೆ ಸವಲತ್ತು ತಪ್ಪಿದರೆ, ನಿಗಮ ಅವನಿಗೆ ಸವಲತ್ತು ಕೊಡಬಹುದು. ಆಮೇಲೆ ಆ ವ್ಯತ್ಯಾಸದ ಹಣ ಅಥವಾ ಕಟ್ಟದ ವಂತಿಗೆಯ ಎರಡರಷ್ಟು, ಯಾವುದು ಹೆಚ್ಚೋ ಅದನ್ನು ಮಾಲೀಕನಿಂದ ವಸೂಲು ಮಾಡಬಹುದು. ಅಂದರೆ ಬೆನ್ನು ಹತ್ತಬೇಕಾದದ್ದು ಮಾಲೀಕನನ್ನು.

ಅದರಿಂದ ಎರಡೇ ಹೆಜ್ಜೆ ಮುಂದೆ 70ನೇ ಕಲಮು. ಹಕ್ಕಿಲ್ಲದೆ ಸವಲತ್ತು ಪಡೆದವನು ಅದನ್ನು ಹಿಂದಿರುಗಿಸಬೇಕು. ಅವನು ಸತ್ತರೆ ಅವನ ಆಸ್ತಿಯಿಂದ ವಾರಸುದಾರರು ಕೊಡಬೇಕು. ಇದೂ ಅನ್ಯಾಯದ ಮಾತಲ್ಲ. ನಿಧಿ ಎಲ್ಲ ಕಾರ್ಮಿಕರದು, ಸುಳ್ಳು ಹೇಳಿ ತಿಂದವನು ಕಕ್ಕಲೇಬೇಕು. ಆದರೆ ದುಡಿದದ್ದು ನಿಜ, ಹೆಸರು ಮಾತ್ರ ಇಲ್ಲ ಅನ್ನುವವನನ್ನು ಯಾವ ಕಲಮಿಗೆ ಸೇರಿಸಬೇಕು? 68ಕ್ಕೋ 70ಕ್ಕೋ? ಎರಡೂ ತಕರಾರುಗಳನ್ನು ಕೇಳುವ ವಿಮಾ ನ್ಯಾಯಾಲಯ ಒಂದೇ. 75ನೇ ಕಲಮಿನಲ್ಲಿ ಇವೆರಡೂ ಅಕ್ಕಪಕ್ಕದ ಸಾಲುಗಳು. ಆದರೆ ಮಾಲೀಕನಿಗೆ ವಕೀಲರಿದ್ದಾರೆ, ವಿಳಾಸ ಬದಲಾಯಿಸುವ ಜಾಣತನ ಇದೆ. ಕಾರ್ಮಿಕನಿಗೆ ಅಂಚೆಯಲ್ಲಿ ಬಂದ ಕಾಗದ ಮಾತ್ರ ಇರುತ್ತದೆ. ಹಾಗಾಗಿ ನೋಟಿಸು ಸುಲಭವಾಗಿ ತಲುಪುವುದು ಅವನಿಗೇ.

ಉತ್ತರ ಇದ್ದದ್ದು ಒಂದು ಪದದಲ್ಲಿ. ವಿಮಾದಾರ ಅಂದರೆ ಯಾರು ಅಂತ 2ನೇ ಕಲಮು ಹೇಳುವಾಗ, ಯಾರ ಪರವಾಗಿ ವಂತಿಗೆ 'ಕಟ್ಟಲಾಗಿದೆಯೋ' ಅವನು ಅಂತ ಹೇಳಲಿಲ್ಲ, 'ಕಟ್ಟಬೇಕಾಗಿದೆಯೋ' ಅಥವಾ 'ಕಟ್ಟಬೇಕಾಗಿತ್ತೋ' ಅವನು ಅಂತ ಹೇಳಿತು. ಭಾರಗತ್ ಇಂಜಿನಿಯರಿಂಗ್ ಮತ್ತು ರಂಗನಾಯಕಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. 2003ರ ವರದಿಗಳಲ್ಲಿ ಪ್ರಕಟವಾದ ತೀರ್ಪು ಅದು. ವಂತಿಗೆ ಕಟ್ಟಿದ ದಿನ ಯಾವುದು ಅನ್ನುವುದು ಮುಖ್ಯವಲ್ಲ, ಕಟ್ಟುವ ಹೊಣೆ ಹುಟ್ಟಿದ ದಿನ ಮುಖ್ಯ. ಜತೆಗೆ ಇನ್ನೊಂದು ಮಾತು. ಕಾಯಿಲೆಯ ಭತ್ಯೆಗಾದರೆ ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಇರಬೇಕು ಅನ್ನುವ ಲೆಕ್ಕ ಉಂಟು. ಕೆಲಸದಲ್ಲಿ ಆದ ಗಾಯಕ್ಕೆ ಆ ಲೆಕ್ಕವೇ ಇಲ್ಲ, ಕೆಲಸಕ್ಕೆ ಸೇರಿದ ಮೊದಲ ದಿನವೇ ರಕ್ಷಣೆ ಶುರು.

ಹಾಗಾದರೆ ನಮ್ಮ ಹುಡುಗ ತೋರಿಸಬೇಕಾದದ್ದು ಒಂದೇ: ಬೆರಳು ಹೋಗುವ ಮೊದಲು ತಾನು ಅಲ್ಲಿ ದುಡಿಯುತ್ತಿದ್ದೆ ಅಂತ. ಹೇಗೆ? ನೇಮಕದ ಕಾಗದ ಇಲ್ಲ, ಸಂಬಳದ ಚೀಟಿ ಇಲ್ಲ. ಟ್ರಂಕು ತಂದು ನಮ್ಮ ಪಡಸಾಲೆಯಲ್ಲಿ ಸುರುವಿದ. ಯುಗಾದಿಗೆ ಊರಿಗೆ ಹೋಗುವಾಗ ಮಾಲೀಕನಿಂದ ಎರಡು ಸಾವಿರ ಅಡ್ವಾನ್ಸು ತೆಗೆದುಕೊಂಡ ಚೀಟಿ ಸಿಕ್ಕಿತು. ತಾರೀಖು, ಮಾಲೀಕನ ಸಹಿ, ಕೆಳಗೆ "ಸಂಬಳದಲ್ಲಿ ಮುರಿದುಕೊಳ್ಳುವುದು" ಅಂತ ತೆಲುಗಿನಲ್ಲಿ ಒಂದು ಸಾಲು. ಸಾಲದ ಚೀಟಿ! ಅದರ ನಕಲು ಇಟ್ಟು, ಪಕ್ಕದ ಮಷೀನಿನವನ ಹೇಳಿಕೆ ಸೇರಿಸಿ, ಎರಡು ಪುಟದ ಉತ್ತರ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆವು. ತನಿಖೆಯವರು ಹೋಗಿ ಹಾಜರಿ ಪುಸ್ತಕ ನೋಡಿದರು. ಜನವರಿಯಿಂದಲೇ ಹೆಸರಿತ್ತು. ಹಿಂದಿನ ತಿಂಗಳುಗಳ ವಂತಿಗೆಯನ್ನು ಮಾಲೀಕನಿಂದ ಕಟ್ಟಿಸಿಕೊಂಡರು, ಹುಡುಗನ ಮೇಲಿನ ಬೇಡಿಕೆ ಕೈಬಿಟ್ಟರು. ನ್ಯಾಯವಾಗಿಯೇ ನಡೆದುಕೊಂಡರು ಅನ್ನಬೇಕು. ಆದರೆ ಆ ಚೀಟಿ ಅವನು ಹರಿದು ಎಸೆದಿದ್ದರೆ?

ಇದು ಕಾರ್ಖಾನೆಯ ಬಡವರ ಪಾಡು ಮಾತ್ರ ಅಂದುಕೊಂಡಿದ್ದೆ. 2023ರಲ್ಲಿ ದೊಡ್ಡ ಕಂಪನಿಗಳಿಂದ ನಿವೃತ್ತರಾದವರ ಬಾಯಲ್ಲೂ ಅದೇ ಚಿಂತೆ ಕೇಳಿದೆ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಪೂರ್ತಿ ಸಂಬಳದ ಮೇಲೆ ಪಿಂಚಣಿ ಬೇಕಾದರೆ ಮಾಲೀಕರೂ ನೌಕರರೂ ಸೇರಿ ಜಂಟಿ ಆಯ್ಕೆ ಪತ್ರ ಕೊಡಬೇಕಿತ್ತು. 2016ರ ಆರ್. ಸಿ. ಗುಪ್ತಾ ತೀರ್ಪಿನ ನಂತರ ಹಲವರಿಗೆ ಪಿಂಚಣಿ ಏರಿತು. 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪು ಬಂತು. ಅದರ ಬೆನ್ನಿಗೆ 2023ರ ಜನವರಿಯಲ್ಲಿ ಭವಿಷ್ಯನಿಧಿ ಸಂಘಟನೆ ಸುತ್ತೋಲೆ ಹೊರಡಿಸಿತು: 2014ರ ಸೆಪ್ಟೆಂಬರಿಗೆ ಮೊದಲು, ಆಯ್ಕೆ ಪತ್ರ ಕೊಡದೆ ನಿವೃತ್ತರಾದವರ ಏರಿಸಿದ ಪಿಂಚಣಿಯನ್ನು ಮರುಪರಿಶೀಲಿಸಿ, ಹೆಚ್ಚು ಕೊಟ್ಟದ್ದನ್ನು ವಸೂಲು ಮಾಡಿ. ಮೊದಲು ನೋಟಿಸು ಕೊಟ್ಟು ಪುರಾವೆಗೆ ಅವಕಾಶ ಕೊಡಬೇಕೆಂದೂ ಅದರಲ್ಲಿತ್ತು. ಆದರೆ ಎಪ್ಪತ್ತು ದಾಟಿದವರು, ಕಂಪನಿಯ ಸಹಿ ಇರುವ ಯಾವುದೋ ಕಾಲದ ಪತ್ರವನ್ನು ಎಲ್ಲಿಂದ ತರಬೇಕು? ಹಲವರು ಹೈಕೋರ್ಟುಗಳಿಗೆ ಹೋದರು.

ನಮ್ಮಲ್ಲೇ ಹೀಗೆ ಅಂತಲ್ಲ. ಆಸ್ಟ್ರೇಲಿಯಾದಲ್ಲಿರುವ ಕನ್ನಡಿಗರಿಗೆ 'ರೋಬೋಡೆಟ್' ಗೊತ್ತಿರುತ್ತದೆ. ಕಂಪ್ಯೂಟರು ವರ್ಷದ ಆದಾಯವನ್ನು ಸರಾಸರಿ ಮಾಡಿ, "ನೀವು ಭತ್ಯೆ ಹೆಚ್ಚು ಪಡೆದಿದ್ದೀರಿ" ಅಂತ ಲಕ್ಷಾಂತರ ಜನರಿಗೆ ಸಾಲ ಹೊರಿಸಿತು. ಅಲ್ಲ ಅನ್ನುವವರು ಹಳೆಯ ಮಾಲೀಕರಿಂದ ಸಂಬಳದ ಚೀಟಿ ತಂದು ತೋರಿಸಬೇಕಿತ್ತು. ಅದು ಕಾನೂನುಬಾಹಿರ ಅಂತಾಗಿ, 2020ರಲ್ಲಿ 72 ಕೋಟಿ ಡಾಲರಿನಷ್ಟು ಹಣ ಹಿಂದಿರುಗಿಸುವುದಾಗಿ ಅಲ್ಲಿನ ಸರ್ಕಾರ ಒಪ್ಪಿತು.

ಹೆಚ್ಚುವರಿ ಹಣ ವಾಪಸ್ ಕೇಳುವ ಬಗ್ಗೆ ನಮ್ಮ ಸುಪ್ರೀಂ ಕೋರ್ಟಿನ 2014ರ ರಫೀಕ್ ಮಸೀಹ್ ತೀರ್ಪನ್ನು ಎಲ್ಲರೂ ಹೆಸರಿಸುತ್ತಾರೆ. ಕೆಳದರ್ಜೆಯ ನೌಕರರು, ನಿವೃತ್ತರು, ಐದು ವರ್ಷಕ್ಕಿಂತ ಹೆಚ್ಚು ಕಾಲ ಹಾಗೆ ಹಣ ಪಡೆದವರು, ಇಂಥವರಿಂದ ವಸೂಲಿ ಸಲ್ಲದು ಅಂತ ಅದು ಹೇಳಿತು. ಆದರೆ ಅದು ಸರ್ಕಾರಿ ನೌಕರರ ಪ್ರಕರಣ. ವಾಪಸ್ ಕೊಡುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟಿದ್ದರೆ ಅದು ಅನ್ವಯಿಸದು ಅಂತ 2016ರಲ್ಲಿ ಜಗದೇವ್ ಸಿಂಗ್ ಪ್ರಕರಣದಲ್ಲಿ ಅದೇ ಕೋರ್ಟು ಹೇಳಿದೆ. ಹಾಗಾಗಿ ಅದನ್ನೇ ನಂಬಿ ಕೂರಬೇಡಿ, ಯಾವ ಕಾಗದಕ್ಕೂ ಓದದೆ ಸಹಿ ಹಾಕಬೇಡಿ.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ನೇಮಕದ ಪತ್ರ ಕೊಡುವುದು ಈಗ ಮಾಲೀಕನ ಕರ್ತವ್ಯ. ಹೆಸರು ಬರೆಸದ ಮಾಲೀಕನಿಂದ ನಿಗಮ ವಸೂಲು ಮಾಡುವ ದಾರಿ ಹೊಸ ಸಂಹಿತೆಯಲ್ಲೂ ಇದೆ. ಅದೇ ವರ್ಷ ಜುಲೈನಲ್ಲಿ ಶುರುವಾದ 'ಸ್ಪ್ರೀ' ಯೋಜನೆಯಲ್ಲಿ, ತಾವಾಗಿ ಬಂದು ನೋಂದಾಯಿಸಿಕೊಂಡ ಮಾಲೀಕರಿಗೆ ಹಿಂದಿನ ಬಾಕಿ ಕೇಳುವುದಿಲ್ಲ ಅಂದರು. ಹೆಚ್ಚು ಜನ ದಾಖಲೆಗೆ ಬರಲಿ ಅಂತ ಹಾಗೆ ಮಾಡಿದ್ದು, ಸರಿ. ಬರೆಸದವನಿಗೆ ಮಾಫಿ ಇರುವಾಗ, ಬರೆಸಿಕೊಳ್ಳಲಾಗದವನ ಮೇಲೂ ಅಷ್ಟೇ ಕರುಣೆ ಇರಲಿ ಅಂತ ನಾನು ಕೇಳಿದರೆ ತಪ್ಪೇ?

ಆ ಹುಡುಗ ಈಗ ಮೂರು ಬೆರಳಿನ ಎಡಗೈಯಲ್ಲೇ ಆಟೋ ಓಡಿಸುತ್ತಾನೆ. ಯುಗಾದಿಯ ಚೀಟಿಗೆ ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದಾನೆ. ನೀವೂ ಊರು ಬಿಟ್ಟು ದುಡಿಯಲು ಬಂದವರೇ. ಸೇರಿದ ದಿನದ ಗುರುತಿಗೆ ಏನಾದರೂ ಒಂದು ಕಾಗದ ಜೋಪಾನ ಮಾಡಿ. ಗೇಟ್ ಪಾಸು, ಅಡ್ವಾನ್ಸಿನ ಚೀಟಿ, ಏನಾದರೂ ಸರಿ. ನೋಟಿಸು ಬಂದರೆ ಹೆದರಿ ಹಣ ಕಟ್ಟಬೇಡಿ, ಸುಮ್ಮನೆಯೂ ಇರಬೇಡಿ. ಗಡುವಿನೊಳಗೆ ಉತ್ತರ ಬರೆಯಿರಿ. ಬರೆಯಲು ಬಾರದಿದ್ದರೆ ನಮ್ಮಂಥ ಭಾನುವಾರದ ಅರ್ಜಿದಾರರು ಎಲ್ಲ ಊರಲ್ಲೂ ಇರುತ್ತಾರೆ, ಹುಡುಕಿ.